ಹೆರಿಗೆಯಲ್ಲಿ ಮಗುವಿನ ಕೈ ನರಕ್ಕೆ ಪೆಟ್ಟಾಗಿದೆ, ಸರ್ಜನ್ ಹುಡುಕುತ್ತಿದ್ದೇವೆ: ಮಲೆನಾಡಿನ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ನಮ್ಮ ಮಗಳಿಗೆ ಹುಟ್ಟುವಾಗಲೇ ಬಲಗೈ ನರಕ್ಕೆ ಪೆಟ್ಟಾಗಿತ್ತು, ಈಗ ಅವಳು ಶಾಲೆಗೆ ಹೋಗುತ್ತಾಳೆ. ಈ ವಿಷಯ ನೆಂಟರಿಂದ ನೆಂಟರಿಗೆ ಹಬ್ಬಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪ ಕಡೆಯಿಂದ ಯಾರಾದರೂ ಫೋನ್ ಮಾಡುತ್ತಲೇ ಇರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಪುರುಸೊತ್ತಿಲ್ಲದವರು ಇಷ್ಟು ಓದಿದರೆ ಸಾಕು. ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ, ಇಂಥ ಮಕ್ಕಳನ್ನು ನೋಡಿ ಅಭ್ಯಾಸ ಇರುವ ಸರ್ಜನ್ ಒಬ್ಬರಿಗೆ ತೋರಿಸಿ. ಆಪರೇಷನ್ ಬೇಕೋ ಬೇಡವೋ ಅನ್ನೋದು ಆಮೇಲಿನ ಮಾತು.

ಡಿಸ್ಚಾರ್ಜ್ ಚೀಟಿಯಲ್ಲಿ ‘ಎರ್ಬ್ಸ್ ಪಾಲ್ಸಿ’ ಅಂತ ಬರೆದಿದ್ದಾರೆ. ಏನದು?

ಕತ್ತಿನ ಹತ್ತಿರ ಬೆನ್ನುಹುರಿಯಿಂದ ಐದು ನರದ ಬೇರುಗಳು ಹೊರಟು, ಒಂದಕ್ಕೊಂದು ಹೆಣೆದುಕೊಂಡು, ಕೈಗೆ ಇಳಿಯುತ್ತವೆ. ಆ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಅಂತ ಹೆಸರು. ಬೇರುಗಳನ್ನು ಡಾಕ್ಟರುಗಳು ಸಿ5, ಸಿ6, ಸಿ7, ಸಿ8, ಟಿ1 ಅಂತ ಕರೆಯುತ್ತಾರೆ. ಹೆರಿಗೆಯಲ್ಲಿ ತಲೆ ಹೊರಬಂದು ಭುಜ ಸಿಕ್ಕಿಕೊಂಡಾಗ ಕತ್ತಿಗೂ ಭುಜಕ್ಕೂ ನಡುವೆ ಜಗ್ಗಿ ಈ ನರಗಳಿಗೆ ಪೆಟ್ಟಾಗುತ್ತದೆ.

ಮೇಲಿನ ಎರಡು ಬೇರಿಗೆ, ಅಂದರೆ ಸಿ5 ಮತ್ತು ಸಿ6ಕ್ಕೆ ಪೆಟ್ಟಾದರೆ ಅದು ಎರ್ಬ್ಸ್ ಪಾಲ್ಸಿ. ಭುಜ ಏಳುವುದಿಲ್ಲ, ಮೊಣಕೈ ಮಡಚುವುದಿಲ್ಲ, ಬೆರಳು ಮಾತ್ರ ಆಡುತ್ತಿರುತ್ತವೆ. ವಿಲ್ಹೆಲ್ಮ್ ಎರ್ಬ್ ಅನ್ನುವ ಜರ್ಮನ್ ವೈದ್ಯರು 1874ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು ಬಂತು. ಸಿ7 ಕೂಡ ಸೇರಿದರೆ ಮಣಿಕಟ್ಟು ಜೋತು ಬೀಳುತ್ತದೆ. ಐದಕ್ಕೂ ಪೆಟ್ಟಾದರೆ ಇಡೀ ಕೈ ಸುಮ್ನೆ ತೂಗಾಡುತ್ತದೆ, ಬೆರಳೂ ಆಡುವುದಿಲ್ಲ.

ನಿಮ್ಮ ಚೀಟಿಯಲ್ಲಿ ಎರ್ಬ್ಸ್ ಅಂತಿದೆ, ಆದರೆ ಬೆರಳು ಆಡುತ್ತಿಲ್ಲ ಅಂದರೆ ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಕೆಲವು ಕಡೆ ಕೈ ಆಡದ ಮಗುವಿಗೆಲ್ಲ ಅದೇ ಹೆಸರು ಬರೆದು ಕಳಿಸುವುದುಂಟು.

ತಾನಾಗೇ ಸರಿಹೋಗುತ್ತೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ?

ಜಾಸ್ತಿ ಮಕ್ಕಳಲ್ಲಿ ನಿಜ. ಎಲ್ಲ ಮಕ್ಕಳಲ್ಲೂ ಅಲ್ಲ. ನೂರರಲ್ಲಿ 20ರಿಂದ 30 ಮಕ್ಕಳಿಗೆ ಏನಾದರೂ ಕೊರತೆ ಉಳಿದುಬಿಡುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಹೇಳುತ್ತಾರೆ.

ನರಕ್ಕೆ ಯಾವ ಥರ ಪೆಟ್ಟಾಗಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಮೆಣಸಿನ ಬಳ್ಳಿಯನ್ನು ನೆನಪು ಮಾಡಿಕೊಳ್ಳಿ. ಬರೀ ಜಗ್ಗಿದ್ದರೆ ಕೆಲವು ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ನಡುವೆ ಹರಿದಿದ್ದರೆ ತಾನಾಗಿ ಕೂಡುವುದಿಲ್ಲ, ಕಸಿ ಕಟ್ಟಬೇಕು. ಬೇರು ಸಮೇತ ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದರೆ ಅದೇ ಜಾಗದಲ್ಲಿ ಮತ್ತೆ ನೆಡಲು ಬರುವುದಿಲ್ಲ, ಪಕ್ಕದ ಬೇರೆ ನರದಿಂದ ದಾರಿ ಮಾಡಬೇಕು. ಒಂದೇ ಮಗುವಿನಲ್ಲಿ ಒಂದು ಬೇರು ಜಗ್ಗಿ, ಇನ್ನೊಂದು ಹರಿದು, ಮತ್ತೊಂದು ಕಿತ್ತಿರಬಹುದು. ಹೊರಗಿಂದ ನೋಡಿದರೆ ಮೂರೂ ಮೊದಮೊದಲು ಒಂದೇ ಥರ ಕಾಣುತ್ತವೆ. ಅದಕ್ಕೇ ಡಾಕ್ಟರ್ ಕೂಡ ಮೊದಲ ವಾರದಲ್ಲಿ ಗಟ್ಟಿಯಾಗಿ ಏನೂ ಹೇಳುವುದಿಲ್ಲ.

ಒಂದೆರಡು ತಿಂಗಳೊಳಗೆ ಮೊಣಕೈ ತಾನಾಗಿ ಮಡಚಲು ಶುರುವಾದರೆ ತುಂಬಾ ಒಳ್ಳೆಯ ಸೂಚನೆ. ಮೂರು ತಿಂಗಳಾದರೂ ಮಡಚದಿದ್ದರೆ ಆಪರೇಷನ್ ಮಾತು ಬರುತ್ತದೆ. ಪ್ಯಾರಿಸ್‌ನ ಸರ್ಜನ್ ಅಲೆನ್ ಗಿಲ್ಬರ್ಟ್ ತೋರಿಸಿಕೊಟ್ಟ ಅಳತೆ ಇದು. ಕೆನಡಾದ ಟೊರೊಂಟೊದ ಡಾಕ್ಟರುಗಳು ಮಗುವಿಗೆ ಮೂರು ತಿಂಗಳಾದಾಗ ಬೇರೆ ಬೇರೆ ಚಲನೆಗೆ ಅಂಕ ಕೊಟ್ಟು ತೂಗಿ ನೋಡುತ್ತಾರೆ. ಅಂಕ ತೀರಾ ಕಡಿಮೆಯೂ ಅಲ್ಲ, ಪೂರ್ತಿ ಚೆನ್ನಾಗೂ ಇಲ್ಲ ಅನ್ನುವ ಮಕ್ಕಳಿಗೆ ಒಂಬತ್ತು ತಿಂಗಳಾದಾಗ ಬಿಸ್ಕತ್ ಪರೀಕ್ಷೆ ಮಾಡುತ್ತಾರೆ. ಮಗುವಿನ ತೋಳನ್ನು ಮೈಗೆ ಒತ್ತಿ ಹಿಡಿದು ಕೈಗೆ ಬಿಸ್ಕತ್ ಕೊಡುವುದು. ಕತ್ತು ಜಾಸ್ತಿ ಬಗ್ಗಿಸದೆ ಬಾಯಿಗೆ ಒಯ್ದರೆ ಪಾಸು.

ಯಾವ ಲಕ್ಷಣ ಕಂಡರೆ ತಡಮಾಡಲೇಬಾರದು?

ಪೆಟ್ಟಾದ ಕಡೆಯ ಕಣ್ಣಿನ ರೆಪ್ಪೆ ಜೋತು ಬಿದ್ದು, ಆ ಕಣ್ಣಿನ ಪಾಪೆ ಚಿಕ್ಕದಾಗಿ ಕಂಡರೆ ಅದಕ್ಕೆ ಹಾರ್ನರ್ ಅಂತ ಹೆಸರು. ಕೆಳಗಿನ ಬೇರು ಬೆನ್ನುಹುರಿಯ ಹತ್ತಿರವೇ ಕಿತ್ತಿರಬಹುದು ಅನ್ನುವ ಸೂಚನೆ. ಬೆರಳೂ ಆಡದೆ ಇದೂ ಇದ್ದರೆ ಸರ್ಜನ್ ಹತ್ತಿರ ಮೊದಲ ತಿಂಗಳಲ್ಲೇ ಹೋಗಿ.

ಉಸಿರಾಡುವಾಗ ಮಗು ತುಂಬಾ ಕಷ್ಟಪಡುತ್ತಿದ್ದರೆ ಆವತ್ತೇ ಆಸ್ಪತ್ರೆಗೆ. ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಿಗೆ ಹೋಗುವ ನರಕ್ಕೂ ಪೆಟ್ಟಾಗಿರಬಹುದು. ಕಾಲು ಕೂಡ ಆಡುತ್ತಿಲ್ಲ ಅಂದರೂ ಹಾಗೇ. ಹುಟ್ಟಿದಾಗ ಚೆನ್ನಾಗಿ ಆಡುತ್ತಿದ್ದ ಕೈ ಕೆಲವು ದಿನದ ಮೇಲೆ ನಿಂತರೆ, ಜೊತೆಗೆ ಜ್ವರ ಬಂದರೆ ಅಥವಾ ಮುಟ್ಟಿದರೆ ಅಳುತ್ತಿದ್ದರೆ ಅದು ಹೆರಿಗೆಯ ನರದ ಪೆಟ್ಟೇ ಅಲ್ಲದಿರಬಹುದು, ಮೂಳೆ ಅಥವಾ ಕೀಲಿಗೆ ಸೋಂಕಾಗಿರಬಹುದು. ಅದಕ್ಕೆ ಕಾಯುವ ಹಾಗೇ ಇಲ್ಲ.

ಈಗ ಅಡಿಕೆ ಕೊನೆ ಕೊಯ್ಲು ನಡೆಯುತ್ತಿದೆ. ಮುಗಿಸಿಕೊಂಡು ಎರಡು ತಿಂಗಳು ಬಿಟ್ಟು ಹೋದರೆ ಆಗಲ್ವಾ?

ಮಗುವಿಗೆ ಈಗ ಎಷ್ಟು ತಿಂಗಳು? ಹದಿನೈದು ದಿನದ ಮಗು, ಬೆರಳು ಆಡುತ್ತಿದೆ ಅಂದರೆ ಇಲ್ಲೇ ಮಕ್ಕಳ ಡಾಕ್ಟರಿಗೂ ಫಿಸಿಯೋಗೂ ತೋರಿಸಿಕೊಂಡು, ದೊಡ್ಡ ಊರಿನ ಅಪಾಯಿಂಟ್‌ಮೆಂಟ್ ಮೂರು ತಿಂಗಳೊಳಗೆ ಬರುವ ಹಾಗೆ ಈಗಲೇ ತೆಗೆದಿಟ್ಟುಕೊಳ್ಳಿ. ಎರಡೂವರೆ ತಿಂಗಳ ಮಗು ಅಂದರೆ ಕೊಯ್ಲು ಅಣ್ಣತಮ್ಮಂದಿರಿಗೆ ಬಿಟ್ಟು ಹೊರಡಿ.

ಕಾರಣ ಇಷ್ಟೇ. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಕತ್ತಿನಿಂದ ಮೊಣಕೈವರೆಗೆ, ಅಲ್ಲಿಂದ ಅಂಗೈವರೆಗೆ ಎಷ್ಟು ದೂರ ಇದೆ ನೋಡಿ. ಅದು ತಲುಪುವವರೆಗೆ ಸ್ನಾಯು ನರ ಇಲ್ಲದೆ ಕಾಯಬೇಕು. ಜಾಸ್ತಿ ಕಾಯಿಸಿದರೆ ಸ್ನಾಯು ಸೊರಗಿ, ಆಮೇಲೆ ನರ ಬಂದರೂ ಪ್ರಯೋಜನ ಇರುವುದಿಲ್ಲ. ನರದ ಆಪರೇಷನ್ ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳ ನಡುವೆ ಮಾಡುವುದು ಇದಕ್ಕೇ.

ಯಾವ ಡಾಕ್ಟರ್? ಮೂಳೆಯವರಾ, ನರದವರಾ?

ಇಲ್ಲೇ ಎಲ್ಲರೂ ಎಡವುವುದು. ನರ ಅಂದ ತಕ್ಷಣ ನ್ಯೂರಾಲಜಿಸ್ಟ್ ಹತ್ತಿರ ಹೋಗುತ್ತಾರೆ. ಅವರು ಪರೀಕ್ಷೆ ಮಾಡಿ ಔಷಧ ಕೊಡುವವರು, ಆಪರೇಷನ್ ಮಾಡುವವರಲ್ಲ. ನಮ್ಮ ದೇಶದಲ್ಲಿ ಈ ಕೆಲಸ ಹೆಚ್ಚಾಗಿ ಮಾಡುವವರು ಪ್ಲಾಸ್ಟಿಕ್ ಸರ್ಜನ್ನರು ಮತ್ತು ಹ್ಯಾಂಡ್ ಸರ್ಜನ್ನರು. ಪ್ಲಾಸ್ಟಿಕ್ ಸರ್ಜರಿ ಅಂದರೆ ಮುಖ ಚೆಂದ ಮಾಡುವುದು ಅಂದುಕೊಂಡಿರುವ ಅಜ್ಜಿಯರಿಗೆ ಇದನ್ನು ಅರ್ಥ ಮಾಡಿಸುವುದೇ ಒಂದು ಕೆಲಸ. ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂದಲಿಗಿಂತ ತೆಳು ದಾರದಲ್ಲಿ ನರ ಹೊಲಿಯುವುದು ಅವರ ತರಬೇತಿಯಲ್ಲೇ ಇದೆ. ಕೆಲವು ಕಡೆ ಮಕ್ಕಳ ಆರ್ಥೋಪೆಡಿಕ್ ಸರ್ಜನ್ನರೂ ನ್ಯೂರೋಸರ್ಜನ್ನರೂ ಮಾಡುತ್ತಾರೆ. ಡಿಗ್ರಿಗಿಂತ ಅವರು ಇಂಥ ಮಕ್ಕಳನ್ನು ಎಷ್ಟು ನೋಡಿದ್ದಾರೆ ಅನ್ನೋದು ಮುಖ್ಯ.

ಇನ್ನೊಂದು ಸಂಗತಿ ಗೊತ್ತಿರಲಿ. ನಮ್ಮಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ ಆಪರೇಷನ್ ಅಂದರೆ ಬಹುಪಾಲು ಬೈಕ್ ಅಪಘಾತದ ಹುಡುಗರದ್ದು. ದೊಡ್ಡವರ ನರದಲ್ಲಿ ಪಳಗಿದವರೆಲ್ಲ ಹಸುಗೂಸಿನ ನರದಲ್ಲೂ ಪಳಗಿರುತ್ತಾರೆ ಅಂತೇನಿಲ್ಲ. ಮಗುವಿನಲ್ಲಿ ಯಾವಾಗ ಕಾಯಬೇಕು ಅನ್ನುವ ಲೆಕ್ಕವೇ ಬೇರೆ. ‘ಬ್ರೇಕಿಯಲ್ ಪ್ಲೆಕ್ಸಸ್ ಮಾಡುತ್ತೀರಾ?’ ಅಂತ ಕೇಳಬೇಡಿ. ‘ಹುಟ್ಟುವಾಗ ಪೆಟ್ಟಾದ ಮಕ್ಕಳಿಗೆ ಮಾಡುತ್ತೀರಾ, ವರ್ಷಕ್ಕೆ ಎಷ್ಟು?’ ಅಂತ ಕೇಳಿ.

ಹಾಗಾದರೆ ಎಲ್ಲಿಗೆ ಹೋಗೋದು? ಹೆಸರು ಹೇಳಿ.

ಡಾಕ್ಟರ ಹೆಸರು ಬರೆಯುವುದಿಲ್ಲ. ಅವರು ಆಸ್ಪತ್ರೆ ಬದಲಾಯಿಸುತ್ತಿರುತ್ತಾರೆ, ಇದನ್ನು ಓದಿಕೊಂಡು ನೀವು ಅಲ್ಲಿಗೆ ಹೋಗುವಷ್ಟರಲ್ಲಿ ಅವರು ಇನ್ನೆಲ್ಲೋ ಇರುತ್ತಾರೆ. ಜಾಗಗಳನ್ನು ಹೇಳುತ್ತೇನೆ.

ಶುರು ಶಿವಮೊಗ್ಗದಲ್ಲೇ ಆಗಲಿ. ಮೆಗ್ಗಾನ್ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಮಕ್ಕಳ ವಿಭಾಗ, ಎಕ್ಸ್‌ರೇ, ಫಿಸಿಯೋ ಅಲ್ಲೇ ಸಿಗುತ್ತವೆ. ಹುಟ್ಟಿನಿಂದ ತೊಂದರೆ ಇರುವ ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಸರ್ಕಾರಿ ರೆಫರಲ್ ಚೀಟಿ ಬೇಕು ಅಂದರೂ ಇಲ್ಲಿಂದಲೇ ಹೊರಡಬೇಕು.

ಘಟ್ಟ ಇಳಿದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ತೀರ್ಥಹಳ್ಳಿ-ಕೊಪ್ಪ ಕಡೆಯವರಿಗೆ ಹತ್ತಿರ. ಮಳೆಗಾಲದಲ್ಲಿ ಹೋಗುವವರು ಆಗುಂಬೆ ಘಾಟಿ ತೆರೆದಿದೆಯಾ ಅಂತ ಮೊದಲು ವಿಚಾರಿಸಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್, ಸಂಜಯ್ ಗಾಂಧಿ ಅಪಘಾತ ಆಸ್ಪತ್ರೆ ಮೂರೂ ಸರ್ಕಾರದವು, ಒಂದಕ್ಕೊಂದು ಹತ್ತಿರದಲ್ಲೇ ಇವೆ. ರಾಜ್ಯದ ಹೊರಗೆ ಹೋಗಲು ಸಿದ್ಧ ಇದ್ದರೆ ಕೊಯಮತ್ತೂರಿನ ಗಂಗಾ ಆಸ್ಪತ್ರೆ ಕೈ ಮತ್ತು ನರದ ಸರ್ಜರಿಗೆ ಹೆಸರುವಾಸಿ. ವೆಲ್ಲೂರಿನ ಸಿಎಂಸಿಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಹೆಸರಿನ ಹ್ಯಾಂಡ್ ಸರ್ಜರಿ ಕೇಂದ್ರವೇ ಇದೆ.

ಎಲ್ಲಿಗೇ ಹೋಗಿ, ಹೊರಡುವ ಮುಂಚೆ ಫೋನ್ ಮಾಡಿ. ಹುಟ್ಟಿದ ಮಕ್ಕಳ ಬ್ರೇಕಿಯಲ್ ಪ್ಲೆಕ್ಸಸ್ ಯಾರು ನೋಡುತ್ತಾರೆ, ಅವರು ಯಾವ ವಾರ ಸಿಗುತ್ತಾರೆ, ಊರಲ್ಲೇ ಇದ್ದಾರಾ ಅಂತ ಕೇಳಿ. ರಾತ್ರಿಯಿಡೀ ಬಾಣಂತಿಯನ್ನೂ ಕೂಸನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಹೋದ ಮೇಲೆ ‘ಸರ್ ಕಾನ್ಫರೆನ್ಸಿಗೆ ಹೋಗಿದ್ದಾರೆ’ ಅನ್ನಿಸಿಕೊಳ್ಳುವುದು ಯಾರಿಗೂ ಬೇಡ.

ಮೊದಲ ಭೇಟಿಗೆ ಏನೇನು ಒಯ್ಯಬೇಕು?

ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ, ಮಗುವಿನ ತೂಕ ಬರೆದಿರುವ ಚೀಟಿ, ಎಕ್ಸ್‌ರೇ ತೆಗೆಸಿದ್ದರೆ ಅದು. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ವಿಡಿಯೋ. ತಿಂಗಳಿಗೊಮ್ಮೆ ಮಗುವಿನ ಅಂಗಿ ಬಿಚ್ಚಿ, ಬೆಳಕಿರುವ ಕಡೆ ಮಲಗಿಸಿ, ಎರಡೂ ಕೈ ಕಾಣುವ ಹಾಗೆ ಒಂದೆರಡು ನಿಮಿಷ ತೆಗೆಯಿರಿ. ಆಟಿಕೆ ತೋರಿಸಿ, ಕೈ ಚಾಚುವಂತೆ ಮಾಡಿ. ಅಪರಿಚಿತರ ಕೋಣೆಯಲ್ಲಿ ಮಗು ಅಳುತ್ತಲೇ ಇರುತ್ತದೆ ಅಥವಾ ನಿದ್ದೆ ಹೋಗುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಹೋದ ತಿಂಗಳು ಆಡದ ಮೊಣಕೈ ಈ ತಿಂಗಳು ಆಡಿದ್ದನ್ನು ಫೋನಿನಲ್ಲಿ ತೋರಿಸಿದರೆ ನೂರು ಮಾತು ಉಳಿಯುತ್ತದೆ.

ಸರ್ಜನ್ ಹತ್ತಿರ ಏನು ಕೇಳಬೇಕು? ಅವರ ಮುಂದೆ ಕೂತರೆ ಬಾಯೇ ಬರುವುದಿಲ್ಲ.

ನಮಗೂ ಹಾಗೇ ಆಗುತ್ತಿತ್ತು. ಚೀಟಿಯಲ್ಲಿ ಬರೆದುಕೊಂಡು ಹೋಗಿ, ನಾಚಿಕೆ ಬೇಡ. ಯಾವ ಬೇರುಗಳಿಗೆ ಪೆಟ್ಟಾಗಿದೆ ಅಂತ ಅನ್ನಿಸುತ್ತದೆ, ಯಾವುದು ಹರಿದಿದೆ, ಯಾವುದು ಕಿತ್ತಿದೆ? ಈಗ ಆಪರೇಷನ್ ಮಾಡದೆ ಎರಡು ತಿಂಗಳು ಕಾದರೆ ಏನು ಕಳೆದುಕೊಳ್ಳುತ್ತೇವೆ? ಮಾಡಿದರೆ ಯಾವ ಚಲನೆ ಬರಬಹುದು, ಯಾವುದು ಬರುವುದಿಲ್ಲ? ಹಸುಗೂಸಿಗೆ ಅರಿವಳಿಕೆ ಕೊಡುವವರು ಯಾರು, ಮಕ್ಕಳ ಐಸಿಯು ಇದೆಯಾ? ಆಮೇಲೆ ಭುಜಕ್ಕೆ ತೊಂದರೆ ಬಂದರೆ ಅದನ್ನೂ ನೀವೇ ನೋಡುತ್ತೀರಾ? ನಾವು ಶಿವಮೊಗ್ಗದವರು, ಫಾಲೋಅಪ್ ವಿಡಿಯೋದಲ್ಲಿ ನಡೆಯುತ್ತದಾ?

ಉತ್ತರಕ್ಕಿಂತ ಉತ್ತರ ಕೊಡುವ ರೀತಿಯನ್ನು ಗಮನಿಸಿ. ‘ನೂರಕ್ಕೆ ನೂರು ಸರಿಯಾಗುತ್ತದೆ’ ಅಂದವರನ್ನು ನಾನು ನಂಬುವುದಿಲ್ಲ. ಮಗುವಿನ ಅಂಗಿ ಬಿಚ್ಚಿಸದೆ, ಕೈ ಮುಟ್ಟದೆ, ಬರೀ ರಿಪೋರ್ಟ್ ನೋಡಿ ದಿನಾಂಕ ಕೊಡುವವರನ್ನೂ ನಂಬುವುದಿಲ್ಲ.

ಇಎಂಜಿ, ಎಂಆರ್‌ಐ ಎಲ್ಲ ಬೇಕಾ?

ಮೊದಲು ಎಕ್ಸ್‌ರೇ. ಹೆಗಲ ಮುಂದಿನ ಕಾಲರ್ ಬೋನ್ ಅಥವಾ ತೋಳಿನ ಮೂಳೆ ಮುರಿದಿದ್ದರೂ ಮಗು ನೋವಿಗೆ ಕೈ ಆಡಿಸುವುದಿಲ್ಲ. ಎಂಆರ್‌ಐ ಬೇರು ಕಿತ್ತಿದೆಯಾ ಅಂತ ನೋಡಲು, ಸಾಮಾನ್ಯವಾಗಿ ಆಪರೇಷನ್ ಯೋಚನೆ ಬಂದಾಗ. ಇಎಂಜಿಯಲ್ಲಿ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ನೋಡುತ್ತಾರೆ. ಹಸುಗೂಸಿನಲ್ಲಿ ಇಎಂಜಿ ಒಮ್ಮೊಮ್ಮೆ ಇದ್ದುದಕ್ಕಿಂತ ಚೆನ್ನಾಗಿ ತೋರಿಸಿಬಿಡುತ್ತದೆ. ರಿಪೋರ್ಟಿನಲ್ಲಿ ‘ಚೇತರಿಕೆ ಇದೆ’ ಅಂತ ಬಂದಿದೆ, ಕೈ ಮಾತ್ರ ಆಡುತ್ತಿಲ್ಲ ಅಂದರೆ ಕೈಯನ್ನೇ ನಂಬಿ. ಸರ್ಜನ್ ಕೇಳದೆ ನೀವಾಗೇ ದುಡ್ಡು ಕೊಟ್ಟು ಎಲ್ಲ ಸ್ಕ್ಯಾನ್ ಮಾಡಿಸಿಕೊಂಡು ಹೋಗಬೇಡಿ, ಅವರು ಮತ್ತೆ ಬೇರೆ ಥರ ತೆಗೆಸುವ ಸಂಭವ ಇದೆ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ?

ಕತ್ತಿನ ಪಕ್ಕ ಕೊಯ್ದು ನರಗಳನ್ನು ನೇರವಾಗಿ ನೋಡುತ್ತಾರೆ. ಹರಿದ ಜಾಗದಲ್ಲಿ ಗಂಟು ಕಟ್ಟಿದ್ದರೆ ಅದನ್ನು ತೆಗೆದು, ಮೀನಖಂಡದ ಹಿಂದಿನ ಸ್ಯೂರಲ್ ಅನ್ನುವ ನರವನ್ನು ತಂದು ನಡುವೆ ಜೋಡಿಸುತ್ತಾರೆ. ಆ ನರ ತೆಗೆದರೆ ಕಾಲಿನ ಶಕ್ತಿ ಹೋಗುವುದಿಲ್ಲ, ಪಾದದ ಹೊರಬದಿಯಲ್ಲಿ ಸ್ವಲ್ಪ ಸ್ಪರ್ಶ ಕಡಿಮೆಯಾಗುತ್ತದೆ ಅಷ್ಟೆ. ನರ ಬೇರು ಸಮೇತ ಕಿತ್ತಿದ್ದರೆ ಪಕ್ಕದ ಕೆಲಸ ಮಾಡುವ ನರವನ್ನು ತಿರುಗಿಸಿ ಜೋಡಿಸುತ್ತಾರೆ. ಭುಜ ಏರಿಸುವ ನರದ ಒಂದು ಭಾಗ, ಪಕ್ಕೆಲುಬಿನ ನಡುವಿನ ನರ, ಅಥವಾ ಅಂಗೈಗೆ ಹೋಗುವ ನರದ ಒಂದು ಎಳೆ, ಹೀಗೆ. ಕೆಲವು ಮಕ್ಕಳಿಗೆ ಎರಡೂ ಸೇರಿಸಿ ಮಾಡುತ್ತಾರೆ.

ಹಲವು ಗಂಟೆ ಹಿಡಿಯುತ್ತದೆ. ಹೊರಗೆ ಕಾಯುವವರು ಒಬ್ಬರೇ ಇರಬೇಡಿ. ಮುಂಚಿನ ಉಪವಾಸದ ಲೆಕ್ಕ ಆಸ್ಪತ್ರೆಯವರು ಹೇಳುತ್ತಾರೆ. ಸಾಮಾನ್ಯವಾಗಿ ಎದೆಹಾಲು ನಾಲ್ಕು ಗಂಟೆ ಮುಂಚೆ, ಬೇರೆ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು. ಪಾಪ ಅಂತ ಕದ್ದು ಕುಡಿಸುವ ಅಜ್ಜಿಯಂದಿರ ಮೇಲೆ ಒಂದು ಕಣ್ಣಿರಲಿ, ಅದು ಮಗುವಿನ ಜೀವಕ್ಕೇ ಅಪಾಯ.

ಆಪರೇಷನ್ ಆಗಿ ತಿಂಗಳಾಯಿತು, ಕೈ ಹಾಗೇ ಇದೆ. ಫೇಲ್ ಆಯಿತಾ?

ಇಲ್ಲ. ಸುಮಾರು ಮೂರು ವಾರ ಕತ್ತು-ಕೈ ಅಲ್ಲಾಡದ ಹಾಗೆ ಕಟ್ಟಿರುತ್ತಾರೆ. ಅದು ಬಿಚ್ಚಿದ ಮೇಲೂ ಏನೂ ಕಾಣುವುದಿಲ್ಲ. ಮೊದಲು ಸ್ವಲ್ಪ ಆಡುತ್ತಿದ್ದದ್ದೂ ಆಪರೇಷನ್ ಆದ ಮೇಲೆ ಕಡಿಮೆಯಾಗಬಹುದು, ಗಂಟಿನ ಮೂಲಕ ಹಾದುಹೋಗುತ್ತಿದ್ದ ಚೂರುಪಾರು ಎಳೆಗಳನ್ನೂ ಕೊಯ್ದಿರುತ್ತಾರಲ್ವಾ. ಇದನ್ನು ಮುಂಚೆಯೇ ಹೇಳಿರದಿದ್ದರೆ ಮನೆಯಲ್ಲಿ ರಾಮಾಯಣವೇ ಆಗುತ್ತದೆ. ಮೊಣಕೈ ಅಲುಗಲು ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬೇಕಾಗುತ್ತದೆ, ಕೈಬೆರಳಿಗೆ ಇನ್ನೂ ಜಾಸ್ತಿ. ಎರಡು ಮೂರು ವರ್ಷದವರೆಗೂ ಸುಧಾರಣೆ ನಡೆಯುತ್ತಿರುತ್ತದೆ.

ಎಣ್ಣೆ ತಿಕ್ಕಿ ನೀರು ಹಾಕಿದರೆ ಸರಿಯಾಗುತ್ತೆ ಅಂತಾರೆ ಅತ್ತೆ. ಕಟ್ಟು ಹಾಕುವವರ ಹತ್ತಿರ ಒಯ್ಯೋಣ ಅಂತಾರೆ ಮಾವ.

ಎಣ್ಣೆ ಹಚ್ಚಲಿ, ಹಗುರವಾಗಿ. ಅದರಿಂದ ನರ ಕೂಡುವುದಿಲ್ಲ, ಆದರೆ ಮಗುವಿಗೂ ಅಜ್ಜಿಗೂ ಖುಷಿ. ಎರಡೂ ಕೈ ಹಿಡಿದು ಮೇಲೆ ಎತ್ತುವುದು, ಕೈಯನ್ನು ಅಡ್ಡಡ್ಡ ಎಳೆದು ಮಡಿಸುವುದು, ಭುಜ ‘ಕೂರಿಸುವುದು’ ಮಾತ್ರ ಬೇಡ. ಎರೆಯಲು ಬರುವವರಿಗೆ ಮೊದಲೇ ಹೇಳಿಬಿಡಿ.

ನಮ್ಮ ಕಡೆ ಇನ್ನೊಂದು ಅಪಾಯ ಇದೆ. ಹಂಡೆಯ ಬಿಸಿನೀರು, ಸ್ನಾನ ಆದ ಮೇಲೆ ಕೆಂಡದ ಕಾವು, ಸಾಂಬ್ರಾಣಿ ಹೊಗೆ. ಪೆಟ್ಟಾದ ಕೈಗೆ ಬಿಸಿ ಗೊತ್ತಾಗದೇ ಇರಬಹುದು. ಸುಟ್ಟರೂ ಮಗು ಅಳುವುದಿಲ್ಲ. ನೀರಿಗೆ ನಿಮ್ಮ ಮೊಣಕೈ ಅದ್ದಿ ನೋಡಿ, ಕೆಂಡದ ಹತ್ತಿರ ಆ ಕೈ ಬರದಂತೆ ನೋಡಿಕೊಳ್ಳಿ. ಸ್ವಲ್ಪ ದೊಡ್ಡದಾದ ಮೇಲೆ ಕೆಲವು ಮಕ್ಕಳು ಆ ಬೆರಳುಗಳನ್ನು ಗಾಯ ಆಗುವಷ್ಟು ಕಚ್ಚಿಕೊಳ್ಳುತ್ತವೆ, ಅದನ್ನೂ ಡಾಕ್ಟರಿಗೆ ಹೇಳಿ.

ಕಟ್ಟಿನ ವಿಷಯ: ಇದು ಮೂಳೆಯದ್ದಲ್ಲ, ನರದ್ದು. ಬಿಗಿದು ಕಟ್ಟಿದರೆ ಕೀಲು ಹಿಡಿದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ‘ನಲವತ್ತೆಂಟು ದಿನ ನೋಡೋಣ’ ಅನ್ನುವುದರಲ್ಲಿ ಆ ಮೂರು ತಿಂಗಳು ಕಳೆದುಹೋಗುತ್ತದೆ. ಮಾವನವರಿಗೆ ಇದನ್ನು ಡಾಕ್ಟರ ಬಾಯಿಂದಲೇ ಹೇಳಿಸಿ, ಸೊಸೆ ಹೇಳಿದರೆ ಕೇಳುವ ಕಾಲ ಇನ್ನೂ ಬಂದಿಲ್ಲ.

ಮನೆಯಲ್ಲಿ ಏನು ಮಾಡಬೇಕು?

ವ್ಯಾಯಾಮ. ಆಪರೇಷನ್ ಆಗಲಿ ಆಗದಿರಲಿ, ಇದಕ್ಕೆ ರಜೆ ಇಲ್ಲ. ಮೊದಲ ಒಂದೆರಡು ವಾರ ಕೈಗೆ ವಿಶ್ರಾಂತಿ ಕೊಡಿ ಅಂತ ಹೇಳಿರಬಹುದು. ಆಮೇಲೆ ಫಿಸಿಯೋ ಹತ್ತಿರ ಕೈಯಲ್ಲಿ ಕೈ ಇಟ್ಟು ಕಲಿಯಿರಿ, ಬರೀ ವಿಡಿಯೋ ನೋಡಿ ಬೇಡ. ಒದ್ದೆ ಬಟ್ಟೆ ಬದಲಾಯಿಸುವಾಗಲೆಲ್ಲ ಮಾಡಿದರೆ ಮರೆಯುವುದಿಲ್ಲ.

ಅದರಲ್ಲಿ ಒಂದನ್ನು ಎಂದೂ ಬಿಡಬೇಡಿ. ಮೊಣಕೈ ಮಡಿಸಿ ಪಕ್ಕೆಗೆ ತಾಗಿಸಿಟ್ಟುಕೊಂಡು, ಮುಂಗೈಯನ್ನು ನಿಧಾನವಾಗಿ ಹೊರಗೆ ತಿರುಗಿಸುವುದು. ಇನ್ನುಳಿದವು ಹೆಗಲ ಹಲಗೆ ಒತ್ತಿ ಹಿಡಿದು ತೋಳನ್ನು ತಲೆಯ ಮೇಲೆ ಎತ್ತುವುದು, ಅಂಗೈಯನ್ನು ಮೇಲ್ಮುಖ ತಿರುಗಿಸುವುದು, ಮಣಿಕಟ್ಟು ಮತ್ತು ಬೆರಳು ಬಿಡಿಸುವುದು. ಅಂಗಿ ತೊಡಿಸುವಾಗ ಮೊದಲು ಪೆಟ್ಟಾದ ಕೈ, ಬಿಚ್ಚುವಾಗ ಕೊನೆಗೆ. ಎತ್ತಿಕೊಂಡಾಗ ಆ ಕೈ ಜೋತಾಡಲು ಬಿಡಬೇಡಿ. ಕಂಕುಳಿಗೆ ಕೈ ಹಾಕಿ ಎತ್ತಲೂ ಬೇಡ.

ಮೊಣಕೈ ಮಡಚುತ್ತಿದೆ, ಇನ್ನು ಸರ್ಜನ್ ಬೇಡ ಅಲ್ವಾ?

ಭುಜವನ್ನು ಮರೆತಿರಿ. ಎಲ್ಲರೂ ಮೊಣಕೈಯನ್ನೇ ನೋಡುತ್ತಾರೆ. ಒಳಗೆ ತಿರುಗಿಸುವ ಸ್ನಾಯು ಗಟ್ಟಿಯಾಗಿದ್ದು ಹೊರಗೆ ತಿರುಗಿಸುವುದು ಸೋತಿದ್ದರೆ, ತೋಳಿನ ಮೂಳೆಯ ಗುಂಡು ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಮೊದಲ ವರ್ಷದಲ್ಲೇ ಇದು ಆಗಬಹುದು. ನಿನ್ನೆ ಮೊನ್ನೆವರೆಗೆ ಸಲೀಸಾಗಿ ಹೊರಗೆ ತಿರುಗುತ್ತಿದ್ದ ಕೈ ಈಗ ತಡೆಯುತ್ತಿದ್ದರೆ ಅದೇ ವಾರ ತೋರಿಸಿ. ಹಸುಗೂಸಿಗೆ ಭುಜದ ಅಲ್ಟ್ರಾಸೌಂಡ್ ಮಾಡಿದರೆ ಗೊತ್ತಾಗುತ್ತದೆ, ನಿದ್ದೆ ಮದ್ದೂ ಬೇಡ. ಬೇಗ ಸಿಕ್ಕಿದರೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟು ಪಟ್ಟಿ ಹಾಕಿ ಸರಿಮಾಡುವ ಸಾಧ್ಯತೆ ಇದೆ.

ನಮ್ಮ ಮಗನಿಗೆ ನಾಲ್ಕು ವರ್ಷ. ತಡ ಆಯಿತಾ?

ಕತ್ತಿನ ನರ ಜೋಡಿಸುವುದಕ್ಕೆ ತಡವೇ. ಆದರೆ ಸರ್ಜನ್ ಹತ್ತಿರ ಬೇರೆ ಕೆಲಸಗಳಿವೆ. ಬೆನ್ನಿನ ಕಡೆಯ ಗಟ್ಟಿ ಸ್ನಾಯುವಿನ ಕಂಡರವನ್ನು (ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಹುರಿ) ಬಿಡಿಸಿ ಭುಜ ಹೊರಗೆ ತಿರುಗುವಂತೆ ಜೋಡಿಸುತ್ತಾರೆ. ಜೋತುಬಿದ್ದ ಮಣಿಕಟ್ಟಿಗೂ ಇಂಥದ್ದೇ ಉಪಾಯ ಇದೆ. ಇನ್ನೂ ದೊಡ್ಡ ಮಕ್ಕಳಿಗೆ ತೋಳಿನ ಮೂಳೆಯನ್ನು ಕೊಯ್ದು ತಿರುಗಿಸಿ ಕೂರಿಸುತ್ತಾರೆ, ಆಗ ಕೈ ಬಾಯಿಗೂ ತಲೆಗೂ ಸಲೀಸಾಗಿ ಹೋಗುತ್ತದೆ. ಆ ಕೈ ಸ್ವಲ್ಪ ಗಿಡ್ಡ, ಸ್ವಲ್ಪ ಸಣ್ಣ ಆಗಿ ಉಳಿಯಬಹುದು. ಅದನ್ನು ಯಾರೂ ಮಾಯ ಮಾಡಲು ಆಗುವುದಿಲ್ಲ.

ಒಬ್ಬರು ಈಗಲೇ ಮಾಡಿ ಅಂದರು, ಇನ್ನೊಬ್ಬರು ಕಾಯಿರಿ ಅಂದರು. ಯಾರನ್ನು ನಂಬೋದು?

ಇಬ್ಬರೂ ಸರಿ ಇರಬಹುದು. ಮೂರು ತಿಂಗಳಿಗೆ ಮಾಡುವ ಸರ್ಜನ್ನರ ಪಂಥ ಒಂದು, ಆರೇಳು ತಿಂಗಳವರೆಗೆ ನೋಡುವ ಪಂಥ ಇನ್ನೊಂದು. ಬೆರಳು ಚೆನ್ನಾಗಿದ್ದು ಭುಜ-ಮೊಣಕೈ ಮಾತ್ರ ಸೋತಿರುವ ಮಕ್ಕಳಲ್ಲೇ ಈ ಜಗಳ ಜಾಸ್ತಿ. ಇಡೀ ಕೈ ಸತ್ತಂತಿದ್ದು ಹಾರ್ನರ್ ಕೂಡ ಇದ್ದರೆ ಬೇಗ ಮಾಡಬೇಕು ಅನ್ನುವುದರಲ್ಲಿ ಹೆಚ್ಚಿನವರದು ಒಂದೇ ಮಾತು. ಕಾಯಿರಿ ಅಂದವರನ್ನು ‘ಯಾವ ದಿನದವರೆಗೆ, ಅಷ್ಟರಲ್ಲಿ ಏನು ಕಾಣಬೇಕು?’ ಅಂತ ಕೇಳಿ. ದಿನಾಂಕ ಹೇಳಿದರೆ ಅದು ಯೋಜನೆ. ‘ನೋಡೋಣ ಬಿಡಿ’ ಅಂದರೆ ಮೂರನೆಯವರನ್ನು ಹುಡುಕಿ.

ಸ್ಟೆಮ್ ಸೆಲ್ ಇಂಜೆಕ್ಷನ್?

ಬೇಡ. ಈ ಪೆಟ್ಟಿಗೆ ಅದು ಒಪ್ಪಿತ ಚಿಕಿತ್ಸೆ ಅಲ್ಲ. ಅನುಮತಿ ಪಡೆದ ಪ್ರಯೋಗದ ಹೊರಗೆ ದುಡ್ಡು ತೆಗೆದುಕೊಂಡು ಇಂಥದ್ದನ್ನು ಕೊಡಬಾರದು ಅಂತ ವೈದ್ಯಕೀಯ ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಇದೆ.

ದುಡ್ಡಿನ ದಾರಿ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ 1.5 ಲಕ್ಷ ಮೀರದಂತೆ. ಯಾವ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ರೆಫರಲ್ ಬೇಕಾ ಅನ್ನುವುದನ್ನು ಹೋಗುವ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಸಿಬ್ಬಂದಿ, ಆರೋಗ್ಯ ಮಿತ್ರರ ಹತ್ತಿರ ಮೊದಲೇ ಕೇಳಿ, ಅಡ್ಮಿಟ್ ಆದ ಮೇಲೆ ಕೇಳಿದರೆ ಓಡಾಟ ಜಾಸ್ತಿ. ಮಗುವಿನ ಜನನ ಪತ್ರ, ಬಾಲ ಆಧಾರ್ ಮಾಡಿಸಿಕೊಳ್ಳಿ. ಹೆಸರಿಡುವ ಶಾಸ್ತ್ರ ಆಮೇಲೆ ಮಾಡಿದರೂ ನಡೆಯುತ್ತದೆ, ಕಾಗದಕ್ಕೆ ಒಂದು ಹೆಸರು ಈಗಲೇ ಇರಲಿ. ಆಸ್ಪತ್ರೆ ಖರ್ಚಿಗಿಂತ ಬಸ್ಸು, ರೂಮು, ಊಟ, ಬಿಟ್ಟ ಕೂಲಿ ಇವೇ ಕೆಲವರಿಗೆ ಭಾರ. ಅದಕ್ಕೆ ಯೋಜನೆಯ ದುಡ್ಡು ಇರುವುದಿಲ್ಲ, ಹೊರಡುವ ಮೊದಲೇ ಲೆಕ್ಕ ಹಾಕಿ.

ಕೊರತೆ ಉಳಿದರೆ ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಕ್ಕೆ 40 ಶೇಕಡಾ ಅಥವಾ ಜಾಸ್ತಿ ಅಂತ ಸರ್ಟಿಫಿಕೇಟ್ ಬೇಕು.

ಇದು ಹೆರಿಗೆ ಮಾಡಿಸಿದವರ ತಪ್ಪಾ?

ಕೆಲವೊಮ್ಮೆ ಹೌದು, ಹಲವು ಸಲ ಅಲ್ಲ. ಭುಜ ಸಿಕ್ಕಿಕೊಂಡಾಗ ಅವರಿಗೆ ಕೆಲವೇ ನಿಮಿಷ ಇರುತ್ತದೆ, ಮಗುವಿನ ಉಸಿರು ಉಳಿಸಬೇಕು. ದಪ್ಪ ಮಗು, ತಾಯಿಗೆ ಶುಗರ್, ವ್ಯಾಕ್ಯೂಮ್ ಅಥವಾ ಇಕ್ಕಳ ಹಾಕಿದ ಹೆರಿಗೆ ಇಂಥ ಕಡೆ ಅಪಾಯ ಜಾಸ್ತಿ, ಆದರೆ ಇವು ಯಾವುದೂ ಇಲ್ಲದೆಯೂ ಆಗುತ್ತದೆ. ಸಿಸೇರಿಯನ್‌ನಲ್ಲೂ ಅಪರೂಪಕ್ಕೆ ಆಗಿದೆ. ದಾಖಲೆ ಕೇಳುವುದು ನಿಮ್ಮ ಹಕ್ಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲೇ ಇದೆ. ಜಗಳ ಮಾಡದೆ ಅರ್ಜಿ ಬರೆದುಕೊಟ್ಟು ತೆಗೆದುಕೊಳ್ಳಿ, ಸರ್ಜನ್‌ಗೂ ಅದೇ ಬೇಕಾಗುತ್ತದೆ. ಕೇಸು ಹಾಕಬೇಕೋ ಅನ್ನುವುದನ್ನು ವಕೀಲರ ಹತ್ತಿರ ಮಾತಾಡಿ, ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಗಡುವಿದೆ. ಆಪರೇಷನ್ನಿನ ಗಡುವು ಅದಕ್ಕಿಂತ ಹತ್ತಿರ ಇದೆ, ಮೊದಲು ಅದನ್ನು ನೋಡಿ.

ತಾಯಿಗೆ ಯಾರಾದರೂ ‘ನೀನು ಸರಿಯಾಗಿ ಮುಕ್ಕಲಿಲ್ಲ’ ಅಂದರೆ ಅವರನ್ನು ಆ ದಿನ ಮನೆಗೆ ಕಳಿಸಿಬಿಡಿ.

ಇನ್ನೊಂದು ಮಗು ಬೇಕು ಅಂತಿದೆ. ಮತ್ತೆ ಹೀಗಾಗುತ್ತದಾ?

ಆಗಲೇಬೇಕು ಅಂತೇನಿಲ್ಲ, ಆದರೆ ಒಮ್ಮೆ ಆದವರಿಗೆ ಅಪಾಯ ಉಳಿದವರಿಗಿಂತ ಜಾಸ್ತಿ. ಬಸುರಾದ ಮೊದಲ ಭೇಟಿಯಲ್ಲೇ ಹಿಂದಿನ ಹೆರಿಗೆಯ ಚೀಟಿ ತೋರಿಸಿ. ಶುಗರ್ ಪರೀಕ್ಷೆ ತಪ್ಪಿಸಬೇಡಿ. ಕೊನೆಯ ತಿಂಗಳುಗಳಲ್ಲಿ ಮಗುವಿನ ತೂಕ ಅಂದಾಜು ಮಾಡಿಸಿ, ಸಿಸೇರಿಯನ್ ಬೇಕಾ ಅಂತ ಆಗಲೇ ಕೂತು ಮಾತಾಡಿ. ಹೆರಿಗೆಯನ್ನು ಮಕ್ಕಳ ಡಾಕ್ಟರ್ ಮತ್ತು ಆಪರೇಷನ್ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ. ತವರುಮನೆ ಘಟ್ಟದ ಒಳಗಿನ ಹಳ್ಳಿ ಆದರೆ, ದಿನ ತುಂಬುವ ಮುಂಚೆಯೇ ಪೇಟೆಯಲ್ಲಿ ಯಾರದಾದರೂ ಮನೆಗೆ ಬಂದು ಇರಿ.